ತೋಟದ ವಿಕ್ರಯವೂ ಅಚೌರ್ಯಾಣುವ್ರತವೂ

ಕೃಷಿಭೂಮಿಯನ್ನು ಮಾರುವುದು ಶ್ರಾವಕನಿಗೆ ನಿಷಿದ್ಧವಲ್ಲ. ಕ್ಷೇತ್ರ-ವಾಸ್ತುಗಳಿಗೆ ಮಿತಿ ಹಾಕಿಕೊಂಡವನಿಗೆ ಅದು ಪರಿಗ್ರಹವನ್ನು ಇಳಿಸುವ ದಾರಿಯೂ ಆಗಬಹುದು. ಆದರೆ ಹೇಗೆ ಮಾರುತ್ತೇವೆಂಬುದು ವಿಚಾರಣೀಯ.

ಹಂದನಕೆರೆಯ ತೋಟವಾಗಲಿ, ಬೆಳೆಯುತ್ತಿರುವ ತುಮಕೂರಿನ ಅಂಚಿನ ತೋಟವಾಗಲಿ, ಅದರ ಬೆಲೆ ನಿಂತಿರುವುದು ನೀರಿನ ಮೇಲೆ. ‘ತೆಂಗು, ಅಡಿಕೆ, ಬಾಳೆ ಏನನ್ನಾದರೂ ಬೆಳೆಯಬಹುದು’ ಎಂಬ ಮಾತು ಕಾರ್ತಿಕದಲ್ಲಿ ನಿಜ, ವೈಶಾಖದಲ್ಲಿಯೂ ನಿಜವೇ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನು, ಅಂದರೆ ಅಳತೆ-ತೂಕಗಳ ಮೋಸವನ್ನು, ಎಣಿಸಿದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ತೂಕವನ್ನು ಒಂದು ಕಿಲೋ ತಗ್ಗಿಸಲು ಹೇಸುವ ವರ್ತಕನು, ಬೇಸಿಗೆಯಲ್ಲಿ ಬತ್ತುವ ಕೊಳವೆಬಾವಿಯ ಮಳೆಗಾಲದ ಧಾರೆಯನ್ನು ತೋರಿಸಿ ತೋಟ ಮಾರಿದರೆ ಅದೂ ಸುಳ್ಳು ಅಳತೆಯೇ.

‘ಕೊಳ್ಳುವವನೇ ನೋಡಿಕೊಳ್ಳಲಿ’ ಎನ್ನುವವರುಂಟು. ಹಿಂದೆ ಕೊಳ್ಳುವವನು ಬಹುಮಟ್ಟಿಗೆ ರೈತನೇ, ನೆಲ-ನೀರನ್ನು ಬಲ್ಲವನು. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರಿಗೂ ಕೃಷಿಭೂಮಿ ಕೊಳ್ಳುವ ಅವಕಾಶ ದೊರೆಯಿತು. ಅರಿಯದವನು ಎದುರಿಗಿದ್ದಷ್ಟೂ ಅರಿತವನ ಹೊಣೆ ಹೆಚ್ಚು.

ಆದುದರಿಂದ ಬೇಸಿಗೆಯ ನೀರನ್ನೂ, ವಿಫಲವಾದ ಬಾವಿಗಳನ್ನೂ, ಕಾಂಡ ಸೋರುವ ರೋಗ ತಗುಲಿದ ಮರಗಳನ್ನೂ ಶ್ರಾವಕನು ಕೇಳದೆಯೇ ಹೇಳತಕ್ಕದ್ದು. ಸಾಲ ತೀರಿಸಲೆಂದು ಮಾರುವವನಿಗೆ ಇದು ಕಠಿನವೇ. ಬೆಲೆ ಲಕ್ಷಗಳಲ್ಲಿ ಇಳಿದೀತು. ಆದರೆ ಹಾಗೆ ಇಳಿದ ಮೊತ್ತ ಮೊದಲಿನಿಂದಲೂ ಕೊಳ್ಳುವವನದೇ ಆಗಿತ್ತು.