ಅರ್ಜುನನ ವಿಷಾದ, ನಮ್ಮ ಮನಸ್ಸು



ಶುಕ್ರವಾರ ಬೆಳಿಗ್ಗೆ ನಾವು ಊರಿಗೆ ಫೋನ್ ಮಾಡುತ್ತೇವೆ. "ಇಲ್ಲಿ ಎಲ್ಲಾ ಚೆನ್ನಾಗಿದೆ, ನೀವು ಚಿಂತೆ ಮಾಡಬೇಡಿ" ಎನ್ನುತ್ತೇವೆ. ಫೋನ್ ಇಟ್ಟೊಡನೆ ಕಾಯಿಲೆಯ ತಾಯಿ, ಸಿಗದ ರಜೆ, ಕೆಲಸ ಉಳಿದೀತೇ ಎಂಬ ಭಯ ಒಂದೊಂದಾಗಿ ಎದುರು ನಿಲ್ಲುತ್ತವೆ. ರಾತ್ರಿ ನಿದ್ದೆ ಬಾರದು. ಆದರೂ ಯಾರಿಗೂ ಹೇಳಿಕೊಳ್ಳುವುದಿಲ್ಲ. ನಿತ್ಯ ಪೂಜೆ ಮಾಡುವವರಿಗೆ ಇಷ್ಟು ದುಃಖವೇ ಎಂದು ಜನ ಕೇಳಿಯಾರೆಂಬ ಸಂಕೋಚ.

ಆದರೆ ಭಗವದ್ಗೀತೆ ಆರಂಭವಾಗುವುದೇ ದುಃಖದಿಂದ. ಮೊದಲ ಅಧ್ಯಾಯದ ಹೆಸರೇ ಅರ್ಜುನ ವಿಷಾದ ಯೋಗ. ಅಂಥ ವೀರನ ಬಾಯಿ ಒಣಗಿತು, ಮೈ ನಡುಗಿತು, ಗಾಂಡೀವ ಕೈಜಾರಿತು. ಅವನು ಅದನ್ನು ಮುಚ್ಚಿಡದೆ ತನ್ನ ಸಾರಥಿಯ ಮುಂದೆ ಹೇಳಿಕೊಂಡ. ಹೇಳಿಕೊಂಡದ್ದರಿಂದಲೇ ಉಪದೇಶ ದೊರೆಯಿತು.

ಆರನೆಯ ಅಧ್ಯಾಯದಲ್ಲಿ ಅದೇ ಅರ್ಜುನ, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟವೆನ್ನುತ್ತಾನೆ. ಶ್ರೀಕೃಷ್ಣ ಗದರಲಿಲ್ಲ. ನಿಜವೆಂದು ಒಪ್ಪಿ, ಅಭ್ಯಾಸ ಮತ್ತು ವೈರಾಗ್ಯದಿಂದ ಅದು ಸಾಧ್ಯವೆಂದ. ಮನಸ್ಸು ಎಲ್ಲೆಲ್ಲಿಗೆ ಓಡುವುದೋ ಅಲ್ಲಲ್ಲಿಂದ ಮರಳಿ ತರಬೇಕೆಂದು ಮೊದಲೇ ತಿಳಿಸಿದ್ದ. ಮನಸ್ಸು ಓಡಿದ್ದು ಸೋಲಲ್ಲ; ಮರಳಿ ತರುವುದೇ ಸಾಧನೆ.

ಇಂಥದೇ ಅಭ್ಯಾಸ ಇಂದು 'ಮೈಂಡ್‌ಫುಲ್‌ನೆಸ್' ಎಂಬ ಹೆಸರಿನಲ್ಲಿ ಆಸ್ಪತ್ರೆಗಳಲ್ಲಿದೆ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬತ್-ಜಿನ್ ಅವರು ಬೌದ್ಧ ಧ್ಯಾನ ಮತ್ತು ಯೋಗದ ಆಧಾರದಿಂದ, ನೋವು ಹಾಗೂ ಒತ್ತಡದಿಂದ ಬಳಲುವವರಿಗೆ ಇದನ್ನು ಕಲಿಸತೊಡಗಿದರು. ಬಳಿಕ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಎಂಬ ಮನಶ್ಶಾಸ್ತ್ರಜ್ಞರು ಮತ್ತೆ ಮತ್ತೆ ಮರುಕಳಿಸುವ ಖಿನ್ನತೆಗಾಗಿ 8 ವಾರಗಳ ಕ್ರಮವೊಂದನ್ನು ರೂಪಿಸಿ, 2002ರಲ್ಲಿ ಗ್ರಂಥ ಪ್ರಕಟಿಸಿದರು. "ನನ್ನಿಂದ ಏನೂ ಆಗದು" ಎಂಬ ಯೋಚನೆ ಬಂದಾಗ, ಅದು ಬಂದುಹೋಗುವ ಯೋಚನೆ ಮಾತ್ರ, ಅದೇ ಸತ್ಯವಲ್ಲ ಎಂದು ಗುರುತಿಸಲು ಅಲ್ಲಿ ಕಲಿಸುತ್ತಾರೆ. ನಮ್ಮ ಹಿರಿಯರು ಹೇಳುತ್ತಿದ್ದ ಸಾಕ್ಷಿಭಾವಕ್ಕೆ ಇದು ಹತ್ತಿರವಲ್ಲವೇ?

ಸಂಜೆ ದೀಪ ಹಚ್ಚಿದ ಮೇಲೆ ಮನೆಯವರೆಲ್ಲ ಹತ್ತು ನಿಮಿಷ ಕುಳಿತು ಉಸಿರನ್ನು ಗಮನಿಸೋಣ. ಮನಸ್ಸು ಆಫೀಸಿಗೋ ಊರಿಗೋ ಓಡಿದರೆ ಬೈಯದೆ ಕರೆತರೋಣ.

ಆದರೆ ಒಂದು ಎಚ್ಚರಿಕೆ. ಧ್ಯಾನ ಔಷಧಿಗೆ ಬದಲಿಯಲ್ಲ. ವೈದ್ಯರು ಕೊಟ್ಟ ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು. ಕಣ್ಣು ಮುಚ್ಚಿ ಕುಳಿತಾಗ ಕೆಲವರಿಗೆ ಸಂಕಟ ಹೆಚ್ಚುವುದೂ ಉಂಟು. ಅಂಥವರು ಬಲವಂತ ಮಾಡಿಕೊಳ್ಳದೆ ವೈದ್ಯರನ್ನು ಕೇಳಬೇಕು. ವಾರಗಟ್ಟಲೆ ನಿದ್ದೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ನೆರವು ಪಡೆಯಬೇಕು. ಕತಾರಿನಲ್ಲಿ ಹಮದ್ ಮೆಡಿಕಲ್ ಕಾರ್ಪೊರೇಷನ್ 2020ರಲ್ಲಿ 16000 ಸಂಖ್ಯೆಯ ಮೂಲಕ ಮಾನಸಿಕ ಆರೋಗ್ಯ ಸಹಾಯವಾಣಿ ಆರಂಭಿಸಿತು. ಊರಿನಲ್ಲಿರುವ ನಮ್ಮವರಿಗೆ 2022ರಿಂದ ಟೆಲಿ-ಮಾನಸ್ ಇದೆ, ಸಂಖ್ಯೆ 14416; ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಅರ್ಜುನನಿಗೆ ರಥದಲ್ಲೇ ಕೃಷ್ಣನಿದ್ದ. ನಮ್ಮ ಭಜನೆಗೆ ಬರುತ್ತಿದ್ದವರೊಬ್ಬರು ಈಚೆಗೆ ಕಾಣದಿದ್ದರೆ, ಈ ಶುಕ್ರವಾರ ಊರಿಗೆ ಫೋನ್ ಮಾಡಿದ ಮೇಲೆ ಅವರಿಗೂ ಒಂದು ಫೋನ್ ಮಾಡೋಣ. ಕಾರಣ ಕೇಳುವುದಕ್ಕಲ್ಲ, ಅವರು ಹೇಳುವುದನ್ನು ಕೇಳಿಸಿಕೊಳ್ಳುವುದಕ್ಕೆ. ಭಗವಂತ ಎಲ್ಲರಿಗೂ ಮನಶ್ಶಾಂತಿ ಕರುಣಿಸಲಿ.