ಒಡೆಯಲೆಂದೇ ಮಾಡಿದ ಗಡಿಗೆ

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.’ ಕಟ್ಟಿದ ಸಂಸಾರ ಮುರಿದಾಗ, ಗಳಿಸಿದ ಹೆಸರು ಕೆಟ್ಟಾಗ ಹಿರಿಯರ ಬಾಯಿಂದ ಬರುವ ಗಾದೆ ಇದು. ಇದರ ಕನಿಕರವೆಲ್ಲ ಕುಂಬಾರನಿಗೆ, ಸಿಟ್ಟೆಲ್ಲ ದೊಣ್ಣೆಗೆ.

ಆದರೆ ದೊಣ್ಣೆ ಹಿಡಿದವನು ಕೇಡಿಗನೇ ಆಗಿರಬೇಕಿಲ್ಲ; ಕಲಿಯಲು ಬಂದವನ ಕೈಯಲ್ಲೂ ಅದು ಇರುತ್ತದೆ. ಕಣ್ಣಿನ ಪೊರೆಯ ಆಪರೇಷನ್ನನ್ನೇ ನೋಡಿ. ಮಸೂರವನ್ನು ಹಿಂಬದಿಯಿಂದ ಆತುಕೊಂಡಿರುವ ಚೀಲದ ನಡುಭಾಗದ ದಪ್ಪ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಸುಮಾರು 4 ಪಾಲು ಮಾತ್ರ. ಹೊಸಬನ ಕೈ ತುಸು ಮುಂದೆ ಹೋದರೂ ಅದು ಹರಿದೀತು. ಅಲ್ಲಿ ದೊಣ್ಣೆಗೆ ನಿಮಿಷವೂ ಬೇಡ. ಪುಸ್ತಕ ಓದಿ ಕೈ ಪಳಗುವುದಿಲ್ಲ, ತಪ್ಪಿ ತಪ್ಪಿಯೇ ಪಳಗಬೇಕು. ಹಾಗಾದರೆ ತಪ್ಪುವುದು ಯಾರ ಕಣ್ಣಿನಲ್ಲಿ?

ಮೇಕೆಯ ಕಣ್ಣಿನಲ್ಲಿ ಎನ್ನುತ್ತದೆ ‘ವೆಟ್ ಲ್ಯಾಬ್’ ಎಂಬ ಕಾರ್ಯಾಗಾರ. ಅಲ್ಲಿ ಗಡಿಗೆಯನ್ನು ಒಡೆಯಲೆಂದೇ ಮಾಡುತ್ತಾರೆ. ಮಾಡುವವರು ವೇದಿಕೆ ಏರುವವರಲ್ಲ. ನಸುಕಿನಲ್ಲೇ ಮಟನ್ ಅಂಗಡಿಗೆ ಹೋಗಿ ಕಣ್ಣುಗಳನ್ನು ತರಬೇಕು. ತಡವಾದರೆ ಕಾರ್ನಿಯಾ ಮಬ್ಬಾಗುತ್ತದೆ, ತಂದಮೇಲೂ ತಣ್ಣಗೆ ಇಡಬೇಕು. ಬಿಗಿ ಕಳೆದುಕೊಂಡ ಗುಡ್ಡೆಗೆ ಸಿರಿಂಜಿನಿಂದ ಸಲೈನ್ ತುಂಬಬೇಕು. ಮೇಕೆಯ ಮಸೂರ ಮೆತ್ತಗೆ. ಅದಕ್ಕೆ ಫಾರ್ಮಲಿನ್ ಚುಚ್ಚಿ, ಮುಪ್ಪಿನ ಪೊರೆಯ ಗಡಸು ಬರಿಸಬೇಕು. ಗಾಜಿನಂಥ ಚೀಲ ಕಾಣಲೆಂದು ನೀಲಿ ಬಣ್ಣ ಹಾಕಬೇಕು. ಮೇಕೆಗೆ ಬಳಸಿದ ಚಿಮಟ ರೋಗಿಯ ಟ್ರೇ ಸೇರದಂತೆ ಸ್ಟಾಫ್ ನರ್ಸ್ ಕಾಯಬೇಕು. ಕರೆಂಟ್ ಹೋದರೆ ಮೈಕ್ರೋಸ್ಕೋಪಿನ ದೀಪ ಆರದಂತೆ ಜನರೇಟರಿನ ಬಳಿ ಒಬ್ಬ ನಿಂತಿರಬೇಕು. ಇಷ್ಟು ಅಣಿಯಾದ ಮೇಲೆ ಕಲಿಯುವ ವೈದ್ಯರು ಬಂದು ಕೂರುತ್ತಾರೆ, ಕೆಲವೇ ನಿಮಿಷಗಳಲ್ಲಿ ಕೆಡಿಸುತ್ತಾರೆ. ಅಟೆಂಡರ್ ಬೇಸರವಿಲ್ಲದೆ ಇನ್ನೊಂದು ಕಣ್ಣು ತಂದಿಡುತ್ತಾನೆ. ಸಂಜೆಗೆ ಎಲ್ಲವೂ ಜೈವಿಕ ತ್ಯಾಜ್ಯದ ಹಳದಿ ಚೀಲಕ್ಕೆ. ಇವರ ಕೆಲಸಕ್ಕೆ ಸಾಕ್ಷಿಯೇ ಉಳಿಯದು.

ಹಳೆಯ ಸುರಪುರ ಸೀಮೆಯಲ್ಲಿ ಇಂಥ ಸಾಕ್ಷಿ ಉಳಿದಿರುವ ಜಾಗವೊಂದಿದೆ. ಹುಣಸಗಿ ಬಳಿಯ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು ಆದಿಮಾನವರ ಕಲ್ಲಿನ ಕಮ್ಮಟವನ್ನು ಅಗೆದು ತೆಗೆದರು. ಅದಕ್ಕೆ ಸುಮಾರು 12 ಲಕ್ಷ ವರ್ಷವೆಂಬ ಅಂದಾಜಿದೆ. ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ ಕೈಗೊಡಲಿ ಕೆತ್ತಿದ ಆ ನೆಲದಲ್ಲಿ ಆಯುಧದ ಜೊತೆಗೆ ಚಕ್ಕೆ, ಚೂರುಗಳ ರಾಶಿಯೂ ಸಿಕ್ಕಿತು. ಕೈ ಕಲಿಯುವ ಕಡೆ ಕಸ ಬೀಳಲೇಬೇಕು.

ಗಾದೆಯ ‘ವರುಷ’ಕ್ಕೆ ಇನ್ನೂ ಒಂದು ಅರ್ಥವಿದೆ. ಅದು ಒಂದು ಗಡಿಗೆಗೆ ಹಿಡಿದ ಕಾಲವಷ್ಟೇ ಅಲ್ಲ, ಒಬ್ಬ ಕುಂಬಾರ ಕುಂಬಾರನಾಗಲು ಹಿಡಿದ ಕಾಲ. ಈ ಸುರಪುರವನ್ನೂ ಒಳಗೊಂಡ ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ಅದರ ವೈದ್ಯಕೀಯ ಕಾಲೇಜು 150 ಸೀಟುಗಳೊಡನೆ ಶುರುವಾದದ್ದು 2022–23ರಲ್ಲಿ. ಕಟ್ಟಡ ಎದ್ದಿದೆ. ಯಂತ್ರವನ್ನು ಟೆಂಡರ್ ಕರೆದು ತರಿಸಬಹುದು, ಕಲಿಸುವ ಸರ್ಜನ್‌ರನ್ನು ಕಲಬುರಗಿಯಿಂದಲೋ ಬೆಂಗಳೂರಿನಿಂದಲೋ ಎರಡು ದಿನಕ್ಕೆ ಕರೆಸಬಹುದು. ಆದರೆ ಯಾವ ಕಣ್ಣಿಗೆ ಎಷ್ಟು ಫಾರ್ಮಲಿನ್ ಬೇಕೆಂದು ಬೆರಳಿನಿಂದಲೇ ತಿಳಿಯುವವರು ಎರಡು ದಿನಕ್ಕೆ ಬಂದುಹೋಗುವವರಲ್ಲ. ಅವರು ಇಲ್ಲೇ, ಯಾದಗಿರಿ, ಶಹಾಪುರ, ಸುರಪುರದ ಆಸ್ಪತ್ರೆಗಳ ಓಟಿಗಳಲ್ಲೇ ಪಳಗಬೇಕು.

ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ಎಷ್ಟೋ ಕೈಗಳು ಹೊರಗುತ್ತಿಗೆಯವು. ಏಜೆನ್ಸಿ ಬದಲಾದರೆ ಕೈಯೂ ಬದಲಾಗಬಹುದು. ಅಷ್ಟು ಕಾಲ ಪಳಗಿದವರನ್ನು ಮನೆಗೆ ಕಳಿಸಲು ಒಂದು ಹಾಳೆಯ ಆದೇಶ ಸಾಕು. ಗಾದೆ ಹೆದರಿಸುವ ದೊಣ್ಣೆ ಅದೇ. ಒಡೆದ ಗಡಿಗೆಗೆ ಇನ್ನೊಂದು ಬಂದೀತು, ಹೋದ ಕುಂಬಾರನಿಗೆ ಬದಲಿ ಅಷ್ಟು ಬೇಗ ಸಿಗುವುದಿಲ್ಲ.

ಸಮಾರೋಪದಲ್ಲಿ ಹಾರ ಹಾಕಿ ಚಪ್ಪಾಳೆ ತಟ್ಟಿದರೆ ಋಣ ತೀರದು. ಕಾರ್ಯಾಗಾರದ ಖರ್ಚಿನ ಪಟ್ಟಿಯಲ್ಲಿ ಊಟ, ಬ್ಯಾನರ್‌ಗಳ ಜೊತೆ ಇವರ ಭತ್ಯೆಯೂ ಇರಲಿ. ಪ್ರಮಾಣಪತ್ರ ಇವರ ಹೆಸರಿಗೂ ಬರಲಿ. ಮುಂದಿನ ನೇಮಕಾತಿಯಲ್ಲಿ ಆ ಹಾಳೆಗೆ ಅಂಕ ಸಿಗಲಿ.