ಬಿದಿರಿನ ಬಾಗು, ಮನಸ್ಸಿನ ಬಾಗು

‘ಗಿಡವಾಗಿ ಬಗ್ಗದುದು ಮರವಾಗಿ ಬಗ್ಗೀತೇ?’ ಎಂಬುದು ಹಿರಿಯರ ಗಾದೆ. ಪ್ರಾಯ ಸಂದವರ ಮನಸ್ಸು ತಿರುಗದೆಂದು ಕೈಚೆಲ್ಲುವವರಿಗೆ ಇದೇ ಆಸರೆ. ಆದರೆ ಬಲಿತ ಬಿದಿರು ಬೇರೆ ಪಾಠವನ್ನು ಹೇಳುತ್ತದೆ.

ಒಣಬಿದಿರನ್ನು ಬಲದಿಂದ ಬಗ್ಗಿಸಿದರೆ ಸೀಳುವುದು. ನೀರಿನಲ್ಲಿ ನೆನೆಸಿ ಕಾಯಿಸಿದರೆ ಅದರ ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ದ್ರವ್ಯವು ಮೆತ್ತಗಾಗಿ ಬಾಗುವುದು. ತಣಿದು ಒಣಗುವ ತನಕ ಕಟ್ಟಿ ಹಿಡಿಯಬೇಕು; ಮೊದಲೇ ಬಿಟ್ಟರೆ ಹಿಂದಿನ ರೂಪಕ್ಕೆ ಮರಳುವುದು. ಒಣಗಿ ನಿಂತ ಬಾಗೂ ಮತ್ತೆ ನೀರು, ಕಾವು ತಗಲಿದರೆ ಸಡಿಲುವುದುಂಟು.

ಸಮಾಜದ ಮನಸ್ಸೂ ಹೀಗೆಯೇ. ಕಾಸರಗೋಡು ಸೀಮೆಯಲ್ಲಿ ಬಿದಿರು, ಕಾಡುಬಳ್ಳಿಗಳಿಂದ ಬುಟ್ಟಿ ಹೆಣೆದುಕೊಟ್ಟ ಕೊರಗರನ್ನು ದೇವಾಲಯದಿಂದ ದೂರವಿರಿಸಿದ ಕಾಲವೊಂದಿತ್ತು. ಬುಟ್ಟಿ ಮನೆಯೊಳಗೆ ಬಂದಿತು. ಹೆಣೆದ ಕೈ ಹೊರಗೇ ಉಳಿಯಿತು. ಈ ಸೀಮೆಯು ಮದರಾಸು ಪ್ರಾಂತಕ್ಕೆ ಸೇರಿದ್ದಾಗ, 1947ರ ದೇವಾಲಯ ಪ್ರವೇಶ ಕಾನೂನು ಬಾಗಿಲನ್ನು ತೆರೆಯಿತು.

ಕಾನೂನೆಂಬುದು ಕಾವು. ತೇವವಿಲ್ಲದ ಬರಿಯ ಕಾವಿಗೆ ಹಿಡಿದ ಬಿದಿರು ಕರಕಲಾಗುವ ಭಯವುಂಟು. ಆದುದರಿಂದ ಕರುಣೆಯ ತೇವವೂ ಬೇಕು. ಅವೆರಡೇ ಸಾಲವು. ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ, ಸರಿಸಮರಾಗಿ ಮಾತನಾಡಿಸುವ ನಿತ್ಯಾಭ್ಯಾಸವೆಂಬ ಕಟ್ಟು ಬೇಕು. ಅದನ್ನು ಅವಸರದಿಂದ ಬಿಚ್ಚಿದರೆ ಹಳೆಯ ಸೆಟೆತವು ಮರಳುವುದು.

ಕಲ್ಲುಮರಗಳ ಜೀರ್ಣೋದ್ಧಾರವು ಒಂದು ಮುಹೂರ್ತದಲ್ಲಿ ಮುಗಿಯುವುದು. ಮನಸ್ಸಿನ ಜೀರ್ಣೋದ್ಧಾರಕ್ಕೆ ಪ್ರಾಯದ ಮಿತಿಯಿಲ್ಲ. ಆದರೆ ಕಟ್ಟು ಬಿಚ್ಚುವ ಆತುರವು ಸಲ್ಲದು.